ಶಾಲೆಯ ದನಿಯನ್ನು ದೂರದ ಮನೆಗಳಿಗೆ ಮುಟ್ಟಿಸುವ ಬಗೆ

ನಮ್ಮ ಶಾಲೆಯ ವಾರ್ಷಿಕ ಸಮ್ಮೇಳನದ ದಿವಸ ನಡೆಯುವ ಗಾಯನ, ಸಂವಾದ, ವರದಿವಾಚನ ಮುಂತಾದವುಗಳನ್ನು ತಾವಿದ್ದ ಊರಿನಿಂದಲೇ ಕೇಳುವಂತಾದರೆ ಎಷ್ಟೋ ಸಂತೋಷವಾದೀತೆಂದು ಹಳೆಯ ವಿದ್ಯಾರ್ಥಿನಿಯರು ಹಲವು ವರ್ಷಗಳಿಂದ ನಮಗೆ ಬರೆಯುತ್ತಲಿದ್ದಾರೆ. ಅವರಲ್ಲಿ ಹುಬ್ಬಳ್ಳಿ ಬೆಂಗಳೂರುಗಳಲ್ಲಿರುವವರೂ, ಸಮುದ್ರದಾಚೆ ದುಬೈ ಲಂಡನ್ ಪಟ್ಟಣಗಳಲ್ಲಿ ಸಂಸಾರ ಹೂಡಿದವರೂ ಉಂಟು. ಆದರೆ ನಮ್ಮ ಮನಸ್ಸಿಗೆ ಹೆಚ್ಚಾಗಿ ಹತ್ತಿದ್ದು ಅವರ ಮಾತಲ್ಲ. ಸಿದ್ದಾಪುರ ಯಲ್ಲಾಪುರ ತಾಲೂಕುಗಳ ಒಳಹಳ್ಳಿಗಳಿಂದ ಮಕ್ಕಳನ್ನು ನಮ್ಮ ವಸತಿಗೃಹದಲ್ಲಿ ಬಿಟ್ಟಿರುವ ತಾಯಂದಿರದು. ಸಮ್ಮೇಳನವು ಬರುವದು ಅಡಿಕೆ ಕೊಯ್ಲಿನ ಕಾಲದಲ್ಲಿ. ಹಗಲು ಕೊನೆ ಇಳಿಸಿ ರಾತ್ರಿ ಸುಲಿಯುವ ಮನೆಯಿಂದ ಹೆಂಗಸರು ಏಳುವದು ಕಷ್ಟ. ಎದ್ದು ಬಂದರೂ ಸಂಜೆಯ ಕಡೆಯ ಬಸ್ಸು ತಪ್ಪಿದರೆ ಶಿರಸಿಯಲ್ಲಿ ತಂಗಲು ಎಲ್ಲರಿಗೂ ನೆಂಟರ ಮನೆಗಳಿಲ್ಲ. ಮಗಳು ಬಹುಮಾನ ಪಡೆದ ಸುದ್ದಿಯನ್ನು ಮರುದಿವಸ ದೂರವಾಣಿಯಲ್ಲಿ ಕೇಳಿ ತೃಪ್ತರಾಗುವ ತಾಯಂದಿರೇ ಬಹಳ.

ಆದಕಾರಣ ಈ ವರ್ಷ ಸಮ್ಮೇಳನದ ಧ್ವನಿಯನ್ನು ಅಂತರ್ಜಾಲದ ಮುಖಾಂತರ ನಡೆಯುತ್ತಿದ್ದಂತೆಯೇ ಪ್ರಸಾರ ಮಾಡಲು ನಿಶ್ಚಯಿಸಿದ್ದೇವೆ. ಈ ಸಂಚಿಕೆಯೊಡನೆ ಪಾಲಕರಿಗೆ ಒಂದು ಸಮ್ಮತಿಪತ್ರವನ್ನು ಇರಿಸಲಾಗಿದೆ. ತಿಳಿಯದ ಕಾಗದಕ್ಕೆ ಸಹಿ ಹಾಕಿರೆಂದು ನಾವು ಯಾರನ್ನೂ ಕೇಳಲಾರೆವು. ಅದಕ್ಕಾಗಿ, ಈ ಏರ್ಪಾಡು ಯಾವ ತರದ್ದು, ಮಗಳ ದನಿ ಎಲ್ಲಿಂದ ಹೊರಟು ಎಲ್ಲಿ ನಿಂತು ಯಾರ ಕಿವಿಗೆ ಬೀಳುವದು ಎಂಬದನ್ನು ಇಲ್ಲಿ ವಿವರವಾಗಿ ಬರೆಯುತ್ತೇವೆ. ಯಂತ್ರದ ವಿಷಯವೆಂದು ಪುಟ ತಿರುವಬೇಡಿರಿ. ತೋಟಕ್ಕೆ ನೀರು ಹಾಯಿಸಿ ಬಲ್ಲವರಿಗೆ ಇದರಲ್ಲಿ ಅರ್ಥವಾಗದ್ದು ಯಾವದೂ ಇಲ್ಲ.

ಮೊದಲು ರೇಡಿಯೋ ಪ್ರಸಾರಕ್ಕೂ ಇದಕ್ಕೂ ಇರುವ ಭೇದವನ್ನು ತಿಳಿಯಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಲ್ಲಿ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ‘ಆಕಾಶವಾಣಿ’ ಎಂಬ ಹೆಸರಿನಿಂದ ಬಾನುಲಿಯನ್ನು ಆರಂಭಿಸಿದರು. ಧಾರವಾಡದ ಕೇಂದ್ರವು 1950ರ ಜನವರಿಯಲ್ಲಿ ತೆರೆದ ಮೇಲೆ ನಮ್ಮ ಘಟ್ಟದ ಮೇಲಿನ ಊರುಗಳಲ್ಲಿಯೂ ಕನ್ನಡದ ಪದ ಪ್ರವಚನಗಳು ಕೇಳಿಬಂದವು. ಆ ಪ್ರಸಾರದ ಗುಣವೇನೆಂದರೆ, ಒಮ್ಮೆ ಗೋಪುರದಿಂದ ಹೊರಟ ಅಲೆಯನ್ನು ಹತ್ತು ಮಂದಿ ಕೇಳಲಿ, ಹತ್ತು ಲಕ್ಷ ಮಂದಿ ಕೇಳಲಿ, ಪ್ರಸಾರಯಂತ್ರಕ್ಕೆ ಶ್ರಮವು ಒಂದೇ. ಕೇಳುವವರ ಸಂಖ್ಯೆಯೂ ಅದಕ್ಕೆ ಗೊತ್ತಾಗದು, ಅವರ ಹೆಸರು ಕುಲಗಳೂ ಗೊತ್ತಾಗವು. ಮಳೆ ಎಲ್ಲರ ಅಂಗಳದಲ್ಲಿ ಬೀಳುವಂತೆ ಅದು ಬೀಳುವದು.

ಅಂತರ್ಜಾಲದ ರೀತಿ ಬೇರೆ. ಇಲ್ಲಿ ಕೇಳುವ ಒಬ್ಬೊಬ್ಬರಿಗೂ ಒಂದೊಂದು ಪ್ರತ್ಯೇಕ ಧಾರೆ ಹರಿಯಬೇಕು. ನೂರು ಮಂದಿ ಕೇಳಿದರೆ ನೂರು ಧಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಗುಡ್ಡದ ಮೇಲಿನ ಒರತೆಯಿಂದ ಅಡಿಕೆಯ ದಬ್ಬೆಗಳನ್ನು ಜೋಡಿಸಿ ನೀರನ್ನು ಬಚ್ಚಲವರೆಗೆ ತರುವ ಪದ್ಧತಿಯನ್ನು ಹಿರಿಯರೆಲ್ಲರೂ ನೋಡಿದ್ದಾರೆ. ಕೇರಿಯಲ್ಲಿ ಇಪ್ಪತ್ತು ಮನೆಗಳಿದ್ದು, ಇಪ್ಪತ್ತು ಮನೆಯವರೂ ಒರತೆಯ ಬಾಯಿಗೇ ತಮ್ಮ ತಮ್ಮ ದಬ್ಬೆಗಳನ್ನು ತಗಲಿಸಿದರೆ ಯಾರ ಕೊಡವೂ ತುಂಬದು. ಅದರ ಬದಲು ಒಂದೇ ದಬ್ಬೆಯಿಂದ ನೀರನ್ನು ಕೆಳಗೆ ದೊಡ್ಡ ತೊಟ್ಟಿಗೆ ಇಳಿಸಿ, ತೊಟ್ಟಿಯಿಂದ ಮನೆಮನೆಗೆ ಕವಲು ತೆಗೆದರೆ ಒರತೆಗೆ ಒಂದೇ ಮನೆಯ ಭಾರ. ಈ ಉಪಮೆಯಲ್ಲಿ ಒಂದು ಕೊರತೆಯುಂಟು: ನೀರು ಹಂಚಿದಷ್ಟೂ ಕಡಿಮೆಯಾಗುವದು, ದನಿಯನ್ನೋ ತೊಟ್ಟಿಯು ಪ್ರತಿ ಕವಲಿಗೂ ಪೂರ್ತಿಯಾಗಿಯೇ ನಕಲು ಮಾಡಿ ಕೊಡುವದು. ಉಳಿದದ್ದೆಲ್ಲಾ ಸರಿಹೋಗುವದು. ನಮ್ಮ ಶಾಲೆಯೇ ಒರತೆ. ತೊಟ್ಟಿಯೇ ‘ಸರ್ವರ್’ ಎಂದು ಕರೆಯುವ ಗಣಕಯಂತ್ರ. ಒಂದು ತೊಟ್ಟಿಯಿಂದ ಮುಂದಿನ ತೊಟ್ಟಿಗೆ ಧಾರೆಯನ್ನು ದಾಟಿಸುವ ಕಾರ್ಯಕ್ಕೆ ‘ರಿಲೇ’ ಎಂದು ಹೆಸರು.

ಲೆಕ್ಕವನ್ನು ನೋಡಿರಿ. ವೇದಿಕೆಯ ಮೇಲಿನ ಧ್ವನಿಗ್ರಾಹಕದಿಂದ ಬಂದ ದನಿಯನ್ನು ಗಣಕಯಂತ್ರವು ಸೆಕೆಂಡಿಗೆ 44,100 ಸಾರಿ ಅಳೆದು, ಪ್ರತಿಯೊಂದು ಅಳತೆಯನ್ನು 16 ಬಿಟ್ಟುಗಳ ಅಂಕಿಯಾಗಿ ಬರೆಯುವದು. ಸೆಕೆಂಡಿಗೆ ಏಳು ಲಕ್ಷಕ್ಕೂ ಮಿಕ್ಕಿ ಬಿಟ್ಟುಗಳಾದವು. ಇಷ್ಟನ್ನು ಕಳುಹಿಸುವ ಅಗತ್ಯವಿಲ್ಲ. ಮನುಷ್ಯನ ಕಿವಿಯು ಗಮನಿಸದ ಅಂಶಗಳನ್ನು ತೆಗೆದು ದನಿಯನ್ನು ಅಡಕ ಮಾಡುವ ವಿದ್ಯೆಗಳುಂಟು. ಅವುಗಳಲ್ಲಿ ಹಳೆಯದೂ ಎಲ್ಲ ದೂರವಾಣಿಗಳಿಗೂ ತಿಳಿಯುವದೂ ಆದ ಎಂಪಿ3 ರೂಪವನ್ನು ನಾವು ಆರಿಸಿಕೊಂಡಿದ್ದೇವೆ. ಸೆಕೆಂಡಿಗೆ 64 ಕಿಲೊಬಿಟ್ಟುಗಳಿಗೆ ಇಳಿಸಿದರೆ ಮೂಲದ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಉಳಿದು, ಮಾತು ಸ್ಪಷ್ಟವಾಗಿಯೂ ಹಾಡು ತಕ್ಕಮಟ್ಟಿಗೆ ಇಂಪಾಗಿಯೂ ಕೇಳುವದು. ಸಂಗೀತಪ್ರಿಯರಾದ ಹಳೆಯ ವಿದ್ಯಾರ್ಥಿನಿಯರು ಇನ್ನೂ ಹೆಚ್ಚು ಬೇಕೆನ್ನಬಹುದು. ಆದರೆ ಈ ಪ್ರಮಾಣದಲ್ಲಿ ಒಂದು ತಾಸಿಗೆ ಸುಮಾರು 29 ಮೆಗಾಬೈಟುಗಳಷ್ಟೇ ವೆಚ್ಚವಾಗುವವು; ದಿನಕ್ಕೆ ಇಂತಿಷ್ಟೇ ಎಂದು ಎಣಿಸಿ ಹಣ ತೆತ್ತ ತಾಯಿಯ ದೂರವಾಣಿಗೆ ಮೂರು ತಾಸಿನ ಕಾರ್ಯಕ್ರಮವು ಭಾರವಾಗಲಾರದು.

ಈಗ 300 ಮಂದಿ ಒಮ್ಮೆಗೇ ಕೇಳುವರೆಂದು ಎಣಿಸೋಣ. ತೊಟ್ಟಿಯಿಂದ ಹೊರಡುವದು ಸೆಕೆಂಡಿಗೆ 19,200 ಕಿಲೊಬಿಟ್ಟು, ಎಂದರೆ 19 ಮೆಗಾಬಿಟ್ಟಿಗಿಂತ ತುಸು ಹೆಚ್ಚು. ಮೂರು ತಾಸಿಗೆ ಒಟ್ಟು 26 ಗಿಗಾಬೈಟುಗಳು. ಇದನ್ನು ಶಾಲೆಯ ಸಂಪರ್ಕದ ಮೇಲೆಯೇ ಹೊರಿಸುವದು ಬುದ್ಧಿವಂತಿಕೆಯಲ್ಲ. ಮರದಿಂದ ಮರಕ್ಕೆ ಕಟ್ಟಿ ತಂದ ತಂತು, ಗಾಳಿಗೆ ಕೊಂಬೆ ಬಿದ್ದರೆ ತುಂಡಾಗುವ ವಿದ್ಯುತ್ತಿನ ತಂತಿ, ಇವುಗಳನ್ನು ನಂಬಿ ದೊಡ್ಡ ತೊಟ್ಟಿಯನ್ನು ಇಲ್ಲಿ ಕಟ್ಟಲಾಗದು. ಅದಲ್ಲದೆ ಮನೆ ಶಾಲೆಗಳಿಗೆ ದೊರೆಯುವ ಅನೇಕ ಸಂಪರ್ಕಗಳಲ್ಲಿ ಹೊರಗಿನವರು ನೇರವಾಗಿ ಒಳಬರತಕ್ಕ ಸ್ವಂತ ವಿಳಾಸವೇ ಇರುವದಿಲ್ಲ. ಆದಕಾರಣ ಸರ್ವರನ್ನು ದೊಡ್ಡ ಪಟ್ಟಣದ ಗಣಕಗೃಹದಲ್ಲಿ ತಿಂಗಳ ಬಾಡಿಗೆಗೆ ಹಿಡಿಯತಕ್ಕದ್ದು. ಶಾಲೆಯಿಂದ ಅಲ್ಲಿಗೆ ಹೋಗುವದು 64 ಕಿಲೊಬಿಟ್ಟಿನ ಒಂದೇ ಧಾರೆ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರ ಗುಂಪೊಂದು ಈ ಬಾಡಿಗೆಯನ್ನು ವಹಿಸಿಕೊಂಡಿರುವದಕ್ಕಾಗಿ ಶಾಲೆಯು ಕೃತಜ್ಞವಾಗಿದೆ.

ಸರ್ವರಿನಲ್ಲಿ ನಡೆಯುವ ತಂತ್ರಾಂಶದ ಹೆಸರು ಐಸ್‌ಕಾಸ್ಟ್. ಇದನ್ನು ಯಾರಾದರೂ ಕಾಸಿಲ್ಲದೆ ಪಡೆದು ಉಪಯೋಗಿಸಬಹುದು. ಅದರ ಒಳಗಿನ ಬರಹವನ್ನು ಓದಿ ತಿದ್ದಲೂಬಹುದು. ಅದರ ವರ್ತನೆಯನ್ನು ನಿರ್ಣಯಿಸುವದು ಒಂದೇ ಒಂದು ಸಂಯೋಜನಾ ಕಡತ. ಕಾಲೇಜು ಓದುವ ನಮ್ಮ ಹಳೆಯ ಹುಡುಗಿಯೊಬ್ಬಳು ನಮ್ಮ ಮೇಜಿನ ಬಳಿ ಕುಳಿತು ಅದನ್ನು ಸಾಲುಸಾಲಾಗಿ ಓದಿ ತೋರಿಸಿದಳು. ಪಾಲಕರು ತಿಳಿಯಲೇಬೇಕಾದ ಸಾಲುಗಳನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಎಲ್ಲಕ್ಕೂ ಮೊದಲಿನದು ಗುಪ್ತಪದಗಳು. ಮೂರು ಉಂಟು: ಧಾರೆಯನ್ನು ಒಳಗೆ ಬಿಡುವವರದೊಂದು, ಇನ್ನೊಂದು ಸರ್ವರು ಧಾರೆಯನ್ನು ಸೆಳೆದುಕೊಳ್ಳಲು ಒಂದು, ಮೇಲ್ವಿಚಾರಕರದೊಂದು. ತಂತ್ರಾಂಶವನ್ನು ಹೊಸದಾಗಿ ಇಳಿಸಿಕೊಂಡಾಗ ಮಾದರಿ ಕಡತದಲ್ಲಿ ಈ ಮೂರರಲ್ಲಿಯೂ ‘ಹ್ಯಾಕ್‌ಮೀ’ ಎಂಬ ಒಂದೇ ಶಬ್ದವಿರುವದು. ಕಳ್ಳನೇ ಬಾ, ನನ್ನನ್ನು ದೋಚು, ಎಂದು ಅದರ ಭಾವ. ಬರೆದವರು ವಿನೋದಕ್ಕಾಗಿಯೂ ಎಚ್ಚರಿಕೆಗಾಗಿಯೂ ಹಾಗೆ ಇಟ್ಟಿರಬೇಕು. ಬದಲಾಯಿಸದೆ ಬಿಟ್ಟವರ ಸರ್ವರಿಗೆ ಯಾವ ಅಪರಿಚಿತನಾದರೂ ನುಗ್ಗಿ ಶಾಲೆಯ ಪ್ರಾರ್ಥನೆಯ ಜಾಗದಲ್ಲಿ ತನ್ನ ಕೂಗನ್ನು ಇಡಬಹುದು. ಮೂರನ್ನೂ ಬದಲಾಯಿಸಿ, ಒಂದಕ್ಕೊಂದು ಬೇರೆಯಾಗುವಂತೆ ಮಾಡಿ, ಮೇಲ್ವಿಚಾರಕರ ಪದವನ್ನು ಇಬ್ಬರು ಶಿಕ್ಷಕಿಯರಿಗೆ ಮಾತ್ರ ಒಪ್ಪಿಸಲಾಗಿದೆ.

ಎರಡನೆಯದು ಮಿತಿ. ಮಾದರಿ ಕಡತದಲ್ಲಿ ಕೇಳುಗರ ಮಿತಿಯು 100 ಎಂದಿರುವದು. ನೂರಾಒಂದನೆಯ ತಾಯಿಗೆ ಬಾಗಿಲು ಮುಚ್ಚಿರುವದು. ಅದನ್ನು 300ಕ್ಕೆ ಏರಿಸಿದ್ದೇವೆ. ಇದಕ್ಕೆ ಹತ್ತಿರವೇ ‘ಬರ್ಸ್ಟ್’ ಎಂಬ ಇನ್ನೊಂದು ಸಂಖ್ಯೆಯುಂಟು. ಹೊಸ ಕೇಳುಗರು ಬಂದೊಡನೆ ಅವರು ಕಾಯದಂತೆ 64 ಕಿಲೊಬೈಟುಗಳಷ್ಟು ಹಿಂದಿನ ದನಿಯನ್ನು ಒಟ್ಟಿಗೇ ಸುರಿಯುವದು ಅದರ ಕೆಲಸ. ನಮ್ಮ ಪ್ರಮಾಣದಲ್ಲಿ ಅದು ಸುಮಾರು 8 ಸೆಕೆಂಡುಗಳ ದನಿ. ಆದ್ದರಿಂದ ಮನೆಯಲ್ಲಿ ಕೇಳುವವರು ವೇದಿಕೆಗಿಂತ ಎಂಟು ಹತ್ತು ಸೆಕೆಂಡು ಹಿಂದೆಯೇ ಇರುವರು. ಇದರಿಂದ ಬಾಧೆಯಿಲ್ಲ, ಆದರೆ ಒಂದೇ ಕೋಣೆಯಲ್ಲಿ ಎರಡು ದೂರವಾಣಿಗಳಲ್ಲಿ ಕೇಳಿದರೆ ಒಂದು ಮುಂದೆ ಒಂದು ಹಿಂದೆ ಆಗಿ ದನಿಯು ಗುಹೆಯಲ್ಲಿ ಕೂಗಿದಂತಾಗುವದು. ಮನೆಗೊಂದೇ ಸಾಕು.

ಮೂರನೆಯದನ್ನು ನಾವು ಅತ್ಯಂತ ಮುಖ್ಯವೆಂದು ಭಾವಿಸಿದ್ದೇವೆ. ಐಸ್‌ಕಾಸ್ಟಿನಲ್ಲಿ ಪ್ರತಿಯೊಂದು ಧಾರೆಗೂ ‘ಮೌಂಟ್’ ಎಂಬ ಒಂದು ಹೆಸರಿನ ಸ್ಥಾನವಿರುವದು. ಆ ಸ್ಥಾನವನ್ನು ಲೋಕದ ಸಾರ್ವಜನಿಕ ಪಟ್ಟಿಯಲ್ಲಿ ನಮೂದಿಸಲೂಬಹುದು, ನಮೂದಿಸದೆ ಮರೆಯಲ್ಲಿಡಲೂಬಹುದು. ನಾವು ಮರೆಯಲ್ಲಿಟ್ಟಿದ್ದೇವೆ. ಅಷ್ಟೇ ಅಲ್ಲದೆ ಕೇಳುಗರಿಗೂ ಹೆಸರು ಗುಪ್ತಪದಗಳನ್ನು ಕೇಳುವಂತೆ ಬಾಗಿಲು ಹಾಕಿದ್ದೇವೆ. ಆ ಪದವನ್ನು ಅಚ್ಚಿನ ಚೀಟಿಯಲ್ಲಿ ಮಕ್ಕಳ ಕೈಯಿಂದ ಮನೆಗಳಿಗೂ, ಅಂಚೆಯ ಮೂಲಕ ಹಳೆಯ ವಿದ್ಯಾರ್ಥಿನಿಯರಿಗೂ ಕಳುಹಿಸುವೆವು. ದಾರಿಯಲ್ಲಿ ಯಾರೂ ಅದನ್ನು ಓದದಂತೆ ಸಂಪರ್ಕವನ್ನು ಗೂಢಲಿಪಿಯಲ್ಲಿ ನಡೆಸುವ ಪ್ರಮಾಣಪತ್ರವನ್ನೂ ಸರ್ವರಿಗೆ ಹಾಕಿಸಲಾಗಿದೆ. ಇಂಥ ಪತ್ರಗಳು ಈಗ ಕಾಸಿಲ್ಲದೆ ದೊರೆಯುತ್ತವೆ, ಆದರೆ ಅವಧಿ ಮುಗಿಯುವ ಮುನ್ನ ಹೊಸದು ಮಾಡಿಸುತ್ತಲಿರಬೇಕು. ಇಷ್ಟಾದರೂ ಕೇಳುವ ಒಬ್ಬರು ತಮ್ಮ ಯಂತ್ರದಲ್ಲಿ ದನಿಯನ್ನು ಮುದ್ರಿಸಿಕೊಳ್ಳುವದನ್ನು ಯಾವ ಬೀಗವೂ ತಡೆಯದು. ಇದನ್ನು ಪಾಲಕರು ತಿಳಿದೇ ಸಹಿ ಹಾಕಬೇಕು. ಸಹಿ ಹಾಕದವರ ಮಗಳು ವೇದಿಕೆಯ ಯಾವ ಅವಕಾಶವನ್ನೂ ಕಳೆದುಕೊಳ್ಳಳು. ಅವಳ ಸರದಿಯಲ್ಲಿ ಪ್ರಸಾರವನ್ನು ಕೆಲ ನಿಮಿಷ ನಿಲ್ಲಿಸಿ ಬೇರೆ ಗಾಯನವನ್ನು ಬಿಡಲಾಗುವದು, ಮತ್ತು ಕಾರಣವನ್ನು ಯಾರಿಗೂ ಹೇಳಲಾಗದು.

ಸರ್ವರು ತನ್ನ ದಿನಚರಿಯಲ್ಲಿ ಯಾವ ವಿಳಾಸದಿಂದ ಯಾರು ಎಷ್ಟು ಹೊತ್ತು ಕೇಳಿದರೆಂದು ಬರೆದಿಡುವದು. ಯಾವ ಮನೆಯವರು ಭಾಷಣದ ನಡುವೆ ಎದ್ದುಹೋದರೆಂದು ತಿಳಿಯುವ ಕುತೂಹಲ ನಮಗಿಲ್ಲ! ಸಮ್ಮೇಳನವಾದ ವಾರದೊಳಗೆ ಆ ದಿನಚರಿಯನ್ನು ಅಳಿಸಿಬಿಡುವೆವು.

ಇನ್ನು ರಿಲೇ. ಎರಡನೆಯ ಸರ್ವರಿನ ಕಡತದಲ್ಲಿ ನಾಲ್ಕೈದು ಸಾಲುಗಳನ್ನು ಬರೆದರೆ ತೀರಿತು: ಮೊದಲ ಸರ್ವರಿನ ವಿಳಾಸ, ಅದರ ದ್ವಾರಸಂಖ್ಯೆ, ಸಾಮಾನ್ಯವಾಗಿ 8000, ಅಲ್ಲಿಯ ಮೌಂಟಿನ ಹೆಸರು, ಇಲ್ಲಿ ಅದಕ್ಕಿಡುವ ಹೆಸರು, ಬಾಗಿಲು ಹಾಕಿದ್ದರಿಂದ ಒಳಬರುವ ಹೆಸರು ಗುಪ್ತಪದಗಳು. ಕೊನೆಯಲ್ಲಿ ‘ಬೇಡಿಕೆಯಿದ್ದಾಗ ಮಾತ್ರ’ ಎಂಬ ಒಂದು ಸಾಲು. ಅದಕ್ಕೆ 1 ಎಂದು ಬರೆದರೆ ಇಲ್ಲಿ ಕೇಳುವವರು ಒಬ್ಬರಾದರೂ ಬಂದಾಗಲೇ ಮೇಲಿನಿಂದ ಧಾರೆಯನ್ನು ಸೆಳೆಯುವದು. 0 ಎಂದು ಬರೆದರೆ ಯಾರಿರಲಿ ಇಲ್ಲದಿರಲಿ ಸೆಳೆಯುತ್ತಲೇ ಇರುವದು. ಹೊರದೇಶದವರಿಗಾಗಿ ಇಟ್ಟ ಎರಡನೆಯ ಸರ್ವರಿಗೆ 0 ಹಾಕಿದ್ದೇವೆ. ಅವರಿಗೆ ಬೇರೆ ವಿಳಾಸದ ಚೀಟಿ ಬರುವದು. ಎರಡೂ ವಿಳಾಸಗಳಿಗೆ ಜನರು ಹಂಚಿಹೋಗುವರು.

ಆದರೆ ರಿಲೇ ಎಂಬದರ ನಿಜವಾದ ಉಪಕಾರವು ಪಟ್ಟಣದ ಸರ್ವರುಗಳಲ್ಲಿಲ್ಲ, ಹಳ್ಳಿಯಲ್ಲಿದೆ. ಕೊರೋನಾ ವ್ಯಾಧಿಯಿಂದ 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠ ಕೇಳಲು ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಗೆ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು ನಾವೆಲ್ಲರೂ ಬಲ್ಲೆವು. ಬೇಡ್ತಿ ಕಣಿವೆಯ ಅಂಚಿನಲ್ಲಿಯೂ ಅಘನಾಶಿನಿಯ ಕೊಳ್ಳದಲ್ಲಿಯೂ ಇಂದಿಗೂ ದೂರವಾಣಿ ಮೂಕವಾಗಿರುವ ಮನೆಗಳುಂಟು. ಅಂಥ ಊರಿನಲ್ಲಿ ತಂತುಸಂಪರ್ಕವಿರುವ ಮನೆ ಒಂದೇ ಇದ್ದರೂ ಸಾಕು. ಆ ಮನೆಯಲ್ಲಿ ಅಂಗೈಯಗಲದ ಗಣಕಯಂತ್ರವೊಂದನ್ನಿಟ್ಟು, ಅದರಲ್ಲಿ ಐಸ್‌ಕಾಸ್ಟನ್ನು ನಿಲ್ಲಿಸಿ, ನಮ್ಮ ಸರ್ವರಿನಿಂದ ಧಾರೆಯನ್ನು ಸೆಳೆಯುವಂತೆ ಮಾಡಿದರೆ, ಮನೆಯ ವೈಫೈಯ ಪರಿಧಿಯಲ್ಲಿ ಚಾವಡಿಯಲ್ಲಿಯೂ ಅಂಗಳದಲ್ಲಿಯೂ ಕುಳಿತ ಇಪ್ಪತ್ತು ಮಂದಿ ತಮ್ಮ ತಮ್ಮ ದೂರವಾಣಿಗಳಲ್ಲಿ ಕೇಳಬಹುದು. ಹೊರಗಿನಿಂದ ಬರುವದು ಒಂದೇ ಧಾರೆ. ಕೇಳುವವರ ಗಂಟಿನಿಂದ ಒಂದು ಕಾಸೂ ಹೋಗದು. ಅವರ ದೂರವಾಣಿಗೆ ಸಿಗ್ನಲ್ಲೂ ಬೇಡ. ಯಂತ್ರವೂ ಬೇಡವೆಂದರೆ, ಒಂದು ದೂರವಾಣಿಗೆ ಧ್ವನಿವರ್ಧಕ ತಗಲಿಸಿ ಎಲ್ಲರೂ ಸುತ್ತ ಕುಳಿತುಕೊಳ್ಳಬಹುದು. ಊರಿಗೊಂದೇ ರೇಡಿಯೋ ಇದ್ದ ಕಾಲದಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ; ಅಡಿಕೆ ಸುಲಿಯುತ್ತಾ ಕೇಳಲು ಇದೇ ಹೆಚ್ಚು ಅನುಕೂಲವೆಂದು ನಮಗೆ ತೋರುತ್ತದೆ. ಸಿದ್ದಾಪುರ ಯಲ್ಲಾಪುರಗಳ ಕಡೆಯ ಯಾವ ಮನೆಯವರು ಚಾವಡಿಯನ್ನು ಕೊಡುವರೋ ಅವರು ಸಮ್ಮತಿಪತ್ರದ ಹಿಂಬದಿಯಲ್ಲಿ ಬರೆದು ತಿಳಿಸಬೇಕು. ಯಂತ್ರವನ್ನು ಜೋಡಿಸಿಕೊಡಲು ನಮ್ಮ ವಿಜ್ಞಾನಶಿಕ್ಷಕಿಯರು ಬರುವರು.

ಧಾರೆ ಕಡಿದರೆ ಏನು ಗತಿ? ಶಾಲೆಯ ಗಣಕಕ್ಕೂ ಧ್ವನಿಮಿಶ್ರಣದ ಪೆಟ್ಟಿಗೆಗೂ ಬ್ಯಾಟರಿಯ ಆಧಾರವಿದೆ. ತಂತುಸಂಪರ್ಕ ಹೋದರೆ ದೂರವಾಣಿಯೊಂದರ ಮೂಲಕ ಎರಡನೆಯ ದಾರಿ ಸಿದ್ಧವಿದೆ. ಬದಲಾಯಿಸುವ ನಿಮಿಷಾರ್ಧದಲ್ಲಿ ಕೇಳುಗರನ್ನು ಹೊರದೂಡದೆ, ಮೊದಲೇ ಮುದ್ರಿಸಿಟ್ಟ ನಮ್ಮ ಗಾಯನವೃಂದದ ಗೀತೆಯೊಂದಕ್ಕೆ ಕಳುಹಿಸಿ, ವೇದಿಕೆಯ ದನಿ ಮರಳಿದೊಡನೆ ಕರೆತರುವಂತೆ ಕಡತದಲ್ಲಿ ವಿಧಿಸಬಹುದು. ಅದಕ್ಕೆ ‘ಫಾಲ್‌ಬ್ಯಾಕ್’ ಎನ್ನುವರು. ಆ ಗೀತೆಯೂ ಅದೇ ಎಂಪಿ3 ರೂಪದಲ್ಲಿ, ಅದೇ 64ರ ಪ್ರಮಾಣದಲ್ಲಿ ಇರತಕ್ಕದ್ದು. ಇಲ್ಲವಾದರೆ ಕೆಲವರ ಯಂತ್ರಗಳು ಮುನಿಸಿಕೊಂಡು ನಿಂತುಬಿಡುವವು. ಹಾಡು ನಡುವೆ ಕೇಳಿಸಿದರೆ ಗಾಬರಿಯಾಗದೆ ಕಾಯಿರಿ.

ಚಿತ್ರವೇಕೆ ಇಲ್ಲವೆಂದು ಬಹುಮಂದಿ ಕೇಳಿದ್ದಾರೆ. ಚಿತ್ರವನ್ನು ಕಳುಹಿಸುವ ವಿದ್ಯೆ ಕಷ್ಟದ್ದಲ್ಲ. ಓಬಿಎಸ್ ಎಂಬ ತಂತ್ರಾಂಶದಿಂದ ಹೊರಟ ಚಿತ್ರವು ಆರ್‌ಟಿಎಮ್‌ಪಿ ಎಂಬ ಪದ್ಧತಿಯಲ್ಲಿ ಸರ್ವರಿಗೆ ಮುಟ್ಟಿ, ಅಲ್ಲಿ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಲ್ಪಟ್ಟು ನೋಡುಗರಿಗೆ ಹೋಗುವದು. ನಮ್ಮ ಊರುಗಳ ಯಕ್ಷಗಾನದ ಆಟಗಳನ್ನು ಪರದೇಶದಲ್ಲಿ ಕುಳಿತವರು ನೋಡುವದು ಬಹುಮಟ್ಟಿಗೆ ಈ ಬಗೆಯಿಂದಲೇ. ಆ ಪದ್ಧತಿಯ ದ್ವಾರಸಂಖ್ಯೆ 1935 ಎಂದಿರುವದು ಮೈಸೂರಿನ ಬಾನುಲಿಯ ವರ್ಷವನ್ನು ನೆನಪಿಗೆ ತಂದು ನಮಗೆ ನಗು ಬಂದಿತು, ಕೇವಲ ಕಾಕತಾಳೀಯ. ಸಾಧಾರಣ ಚಿತ್ರಕ್ಕೂ ಸೆಕೆಂಡಿಗೆ ಒಂದು ಮೆಗಾಬಿಟ್ಟು ಬೇಕು. ತಾಸಿಗೆ 450 ಮೆಗಾಬೈಟು. ಹಳ್ಳಿಯ ಸಂಪರ್ಕಕ್ಕೆ ಅದು ಸಾಗದ ಹೊರೆ. ಇದು ಚಿಕ್ಕ ಕಾರಣ.

ದೊಡ್ಡ ಕಾರಣವು ಬೇರೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ವೇಷ ಹಾಕಿ ಕುಣಿದ ಚಿತ್ರವು ಒಮ್ಮೆ ಹೊರಗೆ ಹೋದರೆ ಅದನ್ನು ಮರಳಿ ತರುವವರಿಲ್ಲ. ದೊಡ್ಡ ಕಂಪನಿಗಳ ಪುಕ್ಕಟೆ ಜಾಲತಾಣಗಳಲ್ಲಿ ‘ಪಟ್ಟಿಯಲ್ಲಿ ತೋರಿಸಬೇಡ’ ಎಂದು ವಿಧಿಸಿದರೂ ಕೊಂಡಿಯನ್ನು ಹೊಂದಿದ ಯಾರಾದರೂ ನೋಡಬಹುದು, ನೋಡಿದವರು ಮತ್ತೊಬ್ಬರಿಗೆ ಕೊಡಬಹುದು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸಿ ಪಾಲಕರ ಸಮ್ಮತಿಯನ್ನು ಕೇಳುತ್ತದೆ. ಕಾಯಿದೆ ಇಲ್ಲದಿದ್ದರೂ ನಮ್ಮ ನಿರ್ಣಯ ಇದೇ ಆಗುತ್ತಿತ್ತು. ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿದ್ದು ಓದಿಗಾಗಿ, ಲೋಕದ ಪ್ರದರ್ಶನಕ್ಕಾಗಿ ಅಲ್ಲ. ನೃತ್ಯ ನಾಟಕಗಳನ್ನು ಚಿತ್ರಿಸಿಟ್ಟು, ಬಂದ ಪಾಲಕರಿಗೆ ಶಾಲೆಯ ಕೋಣೆಯಲ್ಲಿಯೇ ತೋರಿಸುವೆವು. ಇದನ್ನು ಹಳೆಯ ಕಾಲದವರ ಅಂಜಿಕೆಯೆಂದು ಯಾರಾದರೂ ಅಂದರೆ ಅನ್ನಲಿ.

ಹಾಡುಗಳ ಹಕ್ಕಿನ ಮಾತೂ ಒಂದುಂಟು. ಚಲನಚಿತ್ರದ ಮುದ್ರಿತ ಗೀತೆಗಳನ್ನು ಅಂಗಳದಲ್ಲಿ ನುಡಿಸುವದು ಬೇರೆ, ಅಂತರ್ಜಾಲದಲ್ಲಿ ಲೋಕಕ್ಕೆ ಬಿಡುವದು ಬೇರೆ. ಹಾಗೆಯೇ ಆಕಾಶವಾಣಿಯ ಕಾರ್ಯಕ್ರಮವನ್ನು ಹಿಡಿದು ನಮ್ಮ ಸರ್ವರಿನಿಂದ ಮರುಪ್ರಸಾರ ಮಾಡಿರೆಂದು ಕೆಲವರು ಸೂಚಿಸಿದ್ದಾರೆ. ಯಂತ್ರಕ್ಕೆ ಅದು ಸುಲಭ, ಆದರೆ 1957ರ ಕೃತಿಸ್ವಾಮ್ಯದ ಕಾಯಿದೆಯು ಪ್ರಸಾರಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷಗಳ ಹಕ್ಕನ್ನು ಕೊಟ್ಟಿದೆ. ಅಪ್ಪಣೆಯಿಲ್ಲದೆ ನಾವು ಹಾಗೆ ಮಾಡಲಾರೆವು. ಆಕಾಶವಾಣಿಯೇ ತನ್ನ ಕೇಂದ್ರಗಳನ್ನು ಅಂತರ್ಜಾಲದಲ್ಲಿ ಕೇಳಿಸುತ್ತಿರುವಾಗ ಅದರ ಅಗತ್ಯವೂ ಇಲ್ಲ.

ಸಮ್ಮೇಳನವು ಸಂಜೆ 5 ಗಂಟೆಗೆ ಆರಂಭವಾಗುವದು. ಆಗ ದುಬೈಯಲ್ಲಿ ಮೂರೂವರೆ, ಲಂಡನ್ನಿನಲ್ಲಿ ಬೆಳಗಿನ ಹನ್ನೊಂದೂವರೆ. ಅಮೇರಿಕದ ಪಶ್ಚಿಮ ತೀರದಲ್ಲಿ ನಸುಕಿನ ಮೂರೂವರೆಯಾಗುವದರಿಂದ ಅಲ್ಲಿಯ ನಮ್ಮ ಮಕ್ಕಳು ನಿದ್ದೆಗೆಟ್ಟು ಏಳಬೇಕೆಂದು ನಾವು ಅಪೇಕ್ಷಿಸುವದಿಲ್ಲ. ಸಮ್ಮತಿಯಿದ್ದ ಭಾಗಗಳ ಮುದ್ರಿಕೆಯನ್ನು ಅದೇ ಬಾಗಿಲಿನ ಒಳಗೆ ಒಂದು ವಾರ ಇಡಲಾಗುವದು.

ಸಮ್ಮೇಳನಕ್ಕೆ ಎಂಟು ದಿವಸ ಮುಂಚೆ, ಅದೇ ಸಂಜೆ 5 ಗಂಟೆಗೆ, ಅರ್ಧ ತಾಸಿನ ಪರೀಕ್ಷಾಪ್ರಸಾರವುಂಟು. ಎಂಟನೆಯ ತರಗತಿಯ ಹುಡುಗಿಯರು ಶಾಲೆಯ ಮಳೆಮಾಪಕದ ಪುಸ್ತಕದಿಂದ ಈ ಮಳೆಗಾಲದ ಲೆಕ್ಕವನ್ನು ತಿಂಗಳುವಾರಾಗಿ ಓದುವರು. ಕೇಳಲು ರಂಜಕವಾಗಿರದಿದ್ದರೂ ಅಂಕಿಗಳು ಸ್ಪಷ್ಟವಾಗಿ ಕೇಳಿಬಂದವೋ ಇಲ್ಲವೋ ಎಂಬದನ್ನು ಪ್ರತಿಯೊಂದು ಊರಿನವರೂ ಬರೆದು ತಿಳಿಸಬೇಕು. ಶ್ರಾವಣದ ಅಂಕಿ ಸರಿಯಾಗಿ ಕೇಳಿದವರ ಚಾವಡಿಗೆ ಯಂತ್ರ ಬೇಡ. ಕೇಳದವರ ಊರಿಗೆ ನಮ್ಮ ಶಿಕ್ಷಕಿಯರು ಮರುವಾರದೊಳಗೆ ಹೊರಡುವರು. ಸಮ್ಮತಿಪತ್ರಗಳು ಅದಕ್ಕೂ ಮುಂಚೆಯೇ ವರ್ಗಶಿಕ್ಷಕಿಯರ ಕೈಸೇರಿರಬೇಕು.